ಹಿಂದಿನ ಸೀಟಿನಿಂದ ಕಂಡ ಸಾಫ್ಟ್‌ವೇರ್ ಕಾರು: ಕಾಸರಗೋಡಿನ ರಸ್ತೆಗಳಲ್ಲಿ ದೀರ್ಘ ಬಳಕೆಯ ವಿಮರ್ಶೆ

ಕಾರಿನ ವಿಮರ್ಶೆ ಎಂದರೆ ಸ್ಟಿಯರಿಂಗ್ ಹಿಡಿದವರ ವಿಮರ್ಶೆ ಎಂದೇ ಲೆಕ್ಕ. ಪಿಕಪ್, ರೇಂಜ್, ಬ್ರೇಕು ಎಲ್ಲ ವಿವರವಾಗಿ ಬರುತ್ತದೆ. ಹಿಂದೆ ಕೂತ ಮೂವರ ಪಾಡು ‘ಲೆಗ್‌ರೂಮ್ ಧಾರಾಳ’ ಎಂಬಲ್ಲಿಗೆ ಮುಗಿಯುತ್ತದೆ. ನಮ್ಮ ಕಡೆ ಮನೆಯ ಕಾರು ಹೊರಡುವುದೇ ಮಂಗಳೂರಿನ ಆಸ್ಪತ್ರೆಗೆ, ಮದುವೆ-ಉಪನಯನಕ್ಕೆ, ಮಧೂರಿಗೆ, ಮಕ್ಕಳ ಕಾಲೇಜಿಗೆ. ಒಬ್ಬರು ಓಡಿಸಿದರೆ ನಾಲ್ವರು ಸುಮ್ಮನೆ ಕೂತಿರುತ್ತಾರೆ. ಈ ಬರಹ ಆ ನಾಲ್ವರ ಕಡೆಯಿಂದ.

ಕಾರು ನಡು ಬೆಲೆಯ, 5 ಸೀಟಿನ ಎಲೆಕ್ಟ್ರಿಕ್ ಎಸ್‌ಯುವಿ. ‘ಸಾಫ್ಟ್‌ವೇರ್ ಡಿಫೈನ್ಡ್’, ಅಂದರೆ ಸಾಫ್ಟ್‌ವೇರೇ ನಡೆಸುವ ಕಾರು, ಎಂದು ಹೇಳಿಯೇ ಮಾರಿದ್ದು. ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ಕೆಳಗಿನ ಹೆಚ್ಚಿನ ಮಾತು ಈ ಜಾತಿಯ ಎಲ್ಲ ಕಾರಿಗೂ ಸಲ್ಲುತ್ತದೆ. ಮಳೆ, ಬೇಸಿಗೆ ಎರಡನ್ನೂ ಕಂಡಿದೆ. ಓಡಾಟ ಬದಿಯಡ್ಕ–ಕುಂಬಳೆ ರಸ್ತೆ, ಅಲ್ಲಿಂದ ಹೆದ್ದಾರಿ 66ರಲ್ಲಿ ಮಂಗಳೂರು. ಪೆರ್ಲ ದಾರಿಯಾಗಿ ವಿಟ್ಲ, ಪುತ್ತೂರು. ಮುಳ್ಳೇರಿಯ–ಜಾಲ್ಸೂರು ದಾರಿಯಾಗಿ ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ.

ಹಳೆಯ ಕಾರಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದು ಮೊದಲು. ಹಳೆಯ ಕಾರಿನಲ್ಲಿ ಎಸಿಗೆ ಒಂದು, ಕಿಟಕಿಗೆ ಒಂದು, ಸೀಟಿಗೆ ಒಂದು, ಏರ್‌ಬ್ಯಾಗಿಗೆ ಒಂದು ಎಂದು ಪ್ರತ್ಯೇಕ ಕಂಟ್ರೋಲರ್‌ಗಳು, ಅಂದರೆ ಪುಟ್ಟ ಕಂಪ್ಯೂಟರ್‌ಗಳು. ದುಬಾರಿ ಕಾರುಗಳಲ್ಲಿ ಇವು 70ರಿಂದ 100ರ ತನಕ ಇರುತ್ತವೆ. ಒಂದೊಂದನ್ನು ಒಂದೊಂದು ಬಿಡಿಭಾಗ ಕಂಪನಿ ಮಾಡಿರುತ್ತದೆ. ಇವು ಮಾತಾಡುವುದು ಬಾಷ್ ಕಂಪನಿ 1986ರಲ್ಲಿ ತಂದ ಕ್ಯಾನ್ ಬಸ್ ಎಂಬ ತಂತಿಜಾಲದ ಮೇಲೆ. ಅದರ ಮೂಲ ರೂಪದ ಗರಿಷ್ಠ ವೇಗ ಸೆಕೆಂಡಿಗೆ 1 ಮೆಗಾಬಿಟ್. ಹೊಸ ವಿನ್ಯಾಸದಲ್ಲಿ ಒಂದೆರಡು ದೊಡ್ಡ ಕಂಪ್ಯೂಟರ್ ನಡುವೆ ಕೂತು, ಕಾರಿನ ಮುಂದೆ, ಹಿಂದೆ, ಎಡ, ಬಲದಲ್ಲಿರುವ ಸಣ್ಣ ಕಂಟ್ರೋಲರ್‌ಗಳ ಜೊತೆ ಈಥರ್ನೆಟ್ ತಂತಿಯಲ್ಲಿ 100 ಮೆಗಾಬಿಟ್, ಕೆಲವೆಡೆ 1 ಗಿಗಾಬಿಟ್ ವೇಗದಲ್ಲಿ ವ್ಯವಹರಿಸುತ್ತದೆ. ಹಾಗಾಗಿ ಎಸಿ, ಸೀಟು, ದೀಪ, ಸದ್ದು ನಾಲ್ಕನ್ನೂ ಒಂದೇ ಪ್ರೋಗ್ರಾಂ ಆಡಿಸಬಹುದು. ಮಗು ಮಲಗಿದಾಗ ಒಂದು ಗುಂಡಿ ಒತ್ತಿದರೆ ಹಿಂದಿನ ಸ್ಪೀಕರ್ ಬಂದ್, ಫ್ಯಾನ್ ನಿಧಾನ, ಪರದೆ ಮಂದ: ಇದು ಹಳೆಯ ಕಾರಿನಲ್ಲಿ ಆಗುವ ಕೆಲಸವಲ್ಲ.

ಆದರೆ ಪೇಟೆಯಲ್ಲಿ ಈ ಹೆಸರಿನಲ್ಲಿ ಸಿಗುವ ಎಷ್ಟೋ ಕಾರುಗಳು ಹಳೆಯ ಕಾರಿಗೇ ದೊಡ್ಡ ಪರದೆ ಮತ್ತು ಸಿಮ್ ಹಾಕಿದವು. ಶೋರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿ: ‘ಕಳೆದ ವರ್ಷದ ಅಪ್‌ಡೇಟ್‌ಗಳಲ್ಲಿ ಪರದೆ ಬಿಟ್ಟು ಬೇರೆ ಏನು ಬದಲಾಗಿದೆ?’ ಬ್ರೇಕಿನ ಹಿಡಿತ, ಎಸಿಯ ಆಟೋ ಮೋಡ್, ಹೆಡ್‌ಲೈಟ್, ಸೀಟು ಇವುಗಳಲ್ಲಿ ಯಾವುದಾದರೂ ಒಂದು ಬದಲಾಗಿದ್ದರೆ ಹೆಸರಿಗೆ ತಕ್ಕ ಕಾರು. ಹೊಸ ಥೀಮ್, ಹೊಸ ವಾಲ್‌ಪೇಪರ್ ಎಂದರೆ ಅಷ್ಟೇ ಎಂದು ತಿಳಿಯಿರಿ.

ಕಾರಿಗೆ ಯಾರ ಗುರುತು ಉಂಟು?

ಈ ಕಾರಿನ ದೊಡ್ಡ ಕೊರತೆ ಇದೇ. ಕಾರಿಗೆ ಗೊತ್ತಿರುವುದು ಖಾತೆ ಇದ್ದವರು ಮಾತ್ರ. ಸೀಟಿನ ಸ್ಥಾನ, ಕನ್ನಡಿ, ಎಸಿ ಎಷ್ಟು, ಯಾವ ಹಾಡು, ಪರದೆಯ ಭಾಷೆ ಎಲ್ಲವೂ ಡ್ರೈವರ್ ಪ್ರೊಫೈಲಿಗೆ ಕಟ್ಟಿಕೊಂಡಿವೆ. ಮಗ ಓಡಿಸಿದ ದಿನ ಹಿಂದಿನ ಎಸಿ 20ಕ್ಕೆ, ಸೊಸೆ ಓಡಿಸಿದ ದಿನ 25ಕ್ಕೆ. ಹಿಂದೆ ಕೂತ ಅಜ್ಜಿ ಮಾತ್ರ ಎರಡೂ ದಿನ ಅದೇ ಅಜ್ಜಿ. ‘ಎಸಿ ಸ್ವಲ್ಪ ಕಡಿಮೆ ಮಾಡಿ ಮಾರಾಯ್ರೆ’ ಎಂದು ಪ್ರತಿ ಸಲ ಹೇಳಬೇಕು.

ಇದಕ್ಕೆ ಅರ್ಧ ಪರಿಹಾರ ಉಂಟು. ಪ್ರೊಫೈಲ್ ಮೆನುವಿನಲ್ಲಿ ಮನೆಯವರೆಲ್ಲ ಕೂತಾಗ ಬಳಸಲು ಬೇರೆಯೇ ಒಂದು ಪ್ರೊಫೈಲ್ ಮಾಡಿ. ಹಿಂದಿನ ಎಸಿ 25, ಫ್ಯಾನ್ 2, ರೀಜನ್ (ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಕಾರನ್ನು ಹಿಡಿಯುವುದು) ಕನಿಷ್ಠ, ದಾರಿ ಹೇಳುವ ಧ್ವನಿ ಮುಂದಿನ ಸ್ಪೀಕರಿನಲ್ಲಿ ಮಾತ್ರ. ಹೊರಡುವಾಗ ಯಾರು ಓಡಿಸಿದರೂ ಅದನ್ನೇ ಆರಿಸಿಕೊಳ್ಳಲಿ. ಜೊತೆಗೆ ಎಸಿ ಮೆನುವಿನಲ್ಲಿ ‘ಹಿಂಬದಿ ಲಾಕ್’ ಎಂಬುದೊಂದು ಇರುತ್ತದೆ, ಮಕ್ಕಳು ಗುಂಡಿ ಒತ್ತದಿರಲಿ ಎಂದು. ಈ ಕಾರಿನಲ್ಲಿ ಅದು ಮೊದಲೇ ಆನ್ ಆಗಿರುತ್ತದೆ. ಹಿಂದಿನ ಗುಂಡಿ ಹಾಳಾಗಿದೆ ಎಂದು ಸರ್ವಿಸಿಗೆ ಒಯ್ಯುವ ಮೊದಲು ಅದನ್ನು ಆಫ್ ಮಾಡಿ ನೋಡಿ.

ಸೆಕೆ, ಮಳೆ ಮತ್ತು ಗಾಜು

ಕರಾವಳಿಯಲ್ಲಿ ಕಾರಿನ ಸುಖದ ಮುಕ್ಕಾಲು ಪಾಲು ಎಸಿಯೇ. ಆ್ಯಪ್‌ನಿಂದ ಹೊರಡುವ ಮೊದಲೇ ತಂಪು ಮಾಡುವ ಸೌಲಭ್ಯ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಗಾಳಿಗಿಂತ ಹೆಚ್ಚು ಬಿಸಿ ಹಿಡಿದಿಟ್ಟುಕೊಳ್ಳುವುದು ಸೀಟು ಮತ್ತು ಡ್ಯಾಶ್‌ಬೋರ್ಡ್. ಗಾಳಿ ತಂಪಾದರೂ ಬೆನ್ನು ಸುಡುವುದು ಅದಕ್ಕೇ. ಕಾರು ಕಣ್ಣೆದುರೇ ಇದ್ದರೆ ಆ್ಯಪ್‌ನಲ್ಲಿ ಕಿಟಕಿ ಎರಡು ಬೆರಳಿನಷ್ಟು ಇಳಿಸಿ 2 ನಿಮಿಷ ಬಿಡಿ, ಆಮೇಲೆ ಮುಚ್ಚಿ 8 ನಿಮಿಷ ಎಸಿ ಓಡಲಿ. ಆ ಹೊತ್ತಿನಲ್ಲಿ ಅದು 2ರಿಂದ 3 ಕಿಲೋವ್ಯಾಟ್ ಎಳೆದರೂ ಒಟ್ಟು ಖರ್ಚು ಅರ್ಧ ಯುನಿಟ್ ದಾಟುವುದಿಲ್ಲ, ಸುಮಾರು 3 ಕಿಲೋಮೀಟರ್ ಓಟದಷ್ಟು. ಮನೆಯ ಚಾರ್ಜರಿಗೆ ಸಿಕ್ಕಿಸಿಕೊಂಡಿದ್ದರೆ ಬ್ಯಾಟರಿಯಿಂದ ಅದೂ ಹೋಗುವುದಿಲ್ಲ.

ಒಂದು ಕಡೆ ಸಾಫ್ಟ್‌ವೇರ್ ಸೋಲುತ್ತದೆ. ಬೆಳಿಗ್ಗೆ ಕಾಸರಗೋಡಿನಿಂದ ಮಂಗಳೂರಿಗೆ ಹೊರಟರೆ ಕಾರಿನ ಮುಖ ಉತ್ತರಕ್ಕೆ, ಬಿಸಿಲು ಬಲಕ್ಕೆ. ಸಂಜೆ ಮರಳುವಾಗ ಮುಖ ದಕ್ಷಿಣಕ್ಕೆ, ಪಡುವಣದ ಬಿಸಿಲು ಮತ್ತೆ ಬಲಕ್ಕೇ. ಅಂದರೆ ಡ್ರೈವರ್ ಹಿಂದೆ ಕೂತವರಿಗೆ ಹೋಗುವಾಗಲೂ ಬರುವಾಗಲೂ ಬಿಸಿಲು. ಬಿಸಿಲಿನ ಸೆನ್ಸರ್ ಇರುವುದು ಮುಂದಿನ ಗಾಜಿನ ಬುಡದಲ್ಲಿ. ಅದು ಮುಂದಿನ ಎಡ-ಬಲ ಸರಿದೂಗಿಸುತ್ತದೆಯೇ ಹೊರತು ಹಿಂದಿನ ಬಲಮೂಲೆಯ ಪಾಡು ಅದಕ್ಕೆ ತಿಳಿಯದು. ಇಲ್ಲದ ಸೆನ್ಸರನ್ನು ಯಾವ ಅಪ್‌ಡೇಟೂ ತಂದುಕೊಡುವುದಿಲ್ಲ. ಬಲ ಹಿಂಬದಿ ಗಾಜಿಗೆ ತೆಗೆದು ಹಾಕುವ ಜಾಲರಿ ಪರದೆ, ಹಿಂದಿನ ಫ್ಯಾನ್ ಒಂದು ಹಂತ ಹೆಚ್ಚು, ವಯಸ್ಸಾದವರಿಗೆ ಎಡಬದಿಯ ಸೀಟು. ಇಷ್ಟೇ ಉಪಾಯ.

ಮಳೆಗಾಲದಲ್ಲಿ ಗಾಜು ಮಂಜಾಗುವುದು ಬೇರೆ ಕತೆ. ಒಂದು ಅಪ್‌ಡೇಟ್ ಬಂದ ಮೇಲೆ ಈ ಕಾರಿನ ಆಟೋ ಮೋಡ್ ಒಳಗಿನ ಗಾಳಿಯನ್ನೇ ತಿರುಗಿಸುವತ್ತ ವಾಲಿತು. ಹೀಗೆ ಮಾಡಿದರೆ ಎಸಿಗೆ ಕೆಲಸ ಕಡಿಮೆ, ರೇಂಜ್ ಸ್ವಲ್ಪ ಹೆಚ್ಚು. ಆದರೆ ಐದು ಜನರ ಉಸಿರು, ಒದ್ದೆ ಕೊಡೆ, ನೆನೆದ ಸೀರೆಯ ಸೆರಗು ಎಲ್ಲದರ ತೇವ ಒಳಗೇ ಸುತ್ತುತ್ತದೆ. ಬೆರಳಿನಿಂದ ಗಾಜು ಒರೆಸಿ ನೋಡಿ. ಮಂಜು ಅಳಿಸಿದರೆ ಅದು ಒಳಗಿನದು: ಎಸಿ ಆನ್ ಇಟ್ಟೇ ಹೊರಗಾಳಿಗೆ ಬದಲಿಸಿ, ಫ್ಯಾನ್ 3ಕ್ಕೆ ಏರಿಸಿ, ಹಿಂದಿನ ವೆಂಟನ್ನು ಪಕ್ಕದ ಗಾಜಿನತ್ತ ತಿರುಗಿಸಿ. ಅಳಿಸದಿದ್ದರೆ ಹೊರಗಿನದು. ಎಸಿ ತೀರಾ ತಣ್ಣಗಾಗಿ ಗಾಜು ಚಳಿ ಹಿಡಿದಾಗ ಹೊರಗಿನ ಒದ್ದೆಗಾಳಿ ಅದರ ಮೇಲೆ ನೀರಾಗಿ ಕೂರುತ್ತದೆ. ಆಗ ಉಷ್ಣತೆಯನ್ನು 25ಕ್ಕೆ ಏರಿಸಿ, ಗಾಜಿಗೆ ಬೀಸುವ ಗಾಳಿಯನ್ನು ಕಾಲಿನತ್ತ ತಿರುಗಿಸಿ, ವೈಪರ್ ಒಮ್ಮೆ ಓಡಿಸಿ. ಎರಡಕ್ಕೂ ಒಂದೇ ಮದ್ದು ಮಾಡುವವರೇ ಹೆಚ್ಚು. ಹೊರಗಿನ ಮಂಜಿಗೆ ಎಸಿ ಇನ್ನಷ್ಟು ತಣ್ಣಗೆ ಮಾಡಿದರೆ ಇನ್ನಷ್ಟು ಮಂಜು.

ಘಾಟಿಯಲ್ಲಿ ಹೊಟ್ಟೆ ತೊಳಸುವುದು

ಎಲೆಕ್ಟ್ರಿಕ್ ಕಾರಿನಲ್ಲಿ ವಾಂತಿ ಬರುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಆಕ್ಸಿಲರೇಟರ್‌ನಿಂದ ಕಾಲು ಸ್ವಲ್ಪ ಎತ್ತಿದರೂ ಮೋಟಾರು ಜನರೇಟರ್ ಆಗಿ ಕಾರನ್ನು ಹಿಡಿಯುತ್ತದೆ. ಓಡಿಸುವವರಿಗೆ ಇದು ಮೊದಲೇ ಗೊತ್ತಿರುವುದರಿಂದ ಅವರ ಕುತ್ತಿಗೆ ಸಿದ್ಧವಾಗಿರುತ್ತದೆ. ಹಿಂದಿನವರ ತಲೆ ಪ್ರತಿ ಸಲ ಮುಂದಕ್ಕೆ ತೂಗುತ್ತದೆ. ಕಣ್ಣು ಮೊಬೈಲಿನಲ್ಲಿ ನೆಟ್ಟಿದ್ದರೆ ಕಣ್ಣಿಗೆ ಚಲನೆ ಇಲ್ಲ, ಒಳಕಿವಿಗೆ ಉಂಟು. ಈ ಜಗಳವೇ ತೊಳಸುವುದಕ್ಕೆ ಕಾರಣ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಎರಡೂ ಕೂಡುತ್ತದೆ.

ಇಲ್ಲಿ ಸಾಫ್ಟ್‌ವೇರ್ ಗೆದ್ದಿದೆ. ಮೊದಲು ರೀಜನ್ ಕನಿಷ್ಠದಲ್ಲೂ ಹಿಡಿತ ಜಗ್ಗಿದಂತೆ ಬರುತ್ತಿತ್ತು. ಒಂದು ಅಪ್‌ಡೇಟ್ ಆದ ಮೇಲೆ ಅದೇ ಹಂತದಲ್ಲಿ ಹಿಡಿತ ನಿಧಾನವಾಗಿ ಏರುತ್ತದೆ. ವರ್ಕ್‌ಶಾಪಿಗೆ ಹೋಗದೆ ಹಿಂದಿನ ಸೀಟಿನ ಪ್ರಯಾಣ ಉತ್ತಮವಾದ ಒಂದೇ ಉದಾಹರಣೆ ಬೇಕೆಂದರೆ ಇದನ್ನು ಹೇಳಬಹುದು. ಏರುವಾಗ ರೀಜನ್ ಕನಿಷ್ಠ, ಡ್ರೈವ್ ಮೋಡ್ ಇಕೋ. ಇಳಿಯುವಾಗ ನಡು ಹಂತ ಇಟ್ಟು ಅದನ್ನೇ ಕೊನೆಯ ತನಕ ಉಳಿಸಿಕೊಳ್ಳಿ. ತಿರುವಿಗೊಮ್ಮೆ ಬದಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಐಫೋನ್ ಇದ್ದ ಮಕ್ಕಳಿಗೆ ಐಒಎಸ್ 18ರಲ್ಲಿ ಬಂದ ‘ವೆಹಿಕಲ್ ಮೋಶನ್ ಕ್ಯೂಸ್’ ಆನ್ ಮಾಡಿ ಕೊಡಿ. ಪರದೆಯ ಅಂಚಿನ ಚುಕ್ಕೆಗಳು ಕಾರಿನ ತಿರುವಿಗೆ ಸರಿಯಾಗಿ ಸರಿಯುತ್ತವೆ, ಕೆಲವರಿಗೆ ಗುಣ ಕಾಣುತ್ತದೆ.

ಗುಡ್ಡೆಯ ಮೇಲೆ ಮನೆ ಇದ್ದವರಿಗೆ ಇನ್ನೊಂದು ಮಾತು. ರಾತ್ರಿ 100 ಶೇಕಡ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಜಾರಿನಲ್ಲಿ ಹೊರಟರೆ ತುಂಬಿದ ಬ್ಯಾಟರಿಗೆ ಕರೆಂಟು ಹೋಗಲು ಜಾಗ ಇಲ್ಲ, ರೀಜನ್ ಸಿಗುವುದಿಲ್ಲ. ದಿನವೂ ಹಿಡಿಯುವ ಕಡೆ ಕಾರು ಹಿಡಿಯದೆ ಜಾರುತ್ತದೆ, ಓಡಿಸುವವರು ಗಾಬರಿಯಾಗಿ ಬ್ರೇಕ್ ತುಳಿಯುತ್ತಾರೆ, ಹಿಂದಿನವರು ಮುಂದಿನ ಸೀಟಿಗೆ ಬಡಿಯುತ್ತಾರೆ. ಚಾರ್ಜಿನ ಮಿತಿಯನ್ನು 85ಕ್ಕೆ ಇಟ್ಟರೆ ಈ ರಗಳೆ ಇಲ್ಲ.

ಹೆದ್ದಾರಿಯಲ್ಲಿ ಕ್ರೂಸ್ (ವೇಗ, ಅಂತರ ಎರಡನ್ನೂ ಕಾರೇ ಕಾಯುವ ಸೌಲಭ್ಯ) ಹಾಕುವುದಾದರೆ ಮುಂದಿನ ವಾಹನದ ಅಂತರವನ್ನು ಗರಿಷ್ಠಕ್ಕೆ ಇಡಿ. ಮಧ್ಯೆ ರಿಕ್ಷಾ ನುಗ್ಗುತ್ತದೆ, ನುಗ್ಗಲಿ. ಬ್ರೇಕು ಮೆತ್ತಗೆ ಬರುತ್ತದೆ. ಪೆರ್ಲ ಕಡೆಯ ಗೆರೆ ಮಾಸಿದ ಸಪೂರ ರಸ್ತೆಯಲ್ಲಿ ಲೇನ್ ಅಸಿಸ್ಟ್ ಆಫ್ ಇರಲಿ. ತುರ್ತು ಬ್ರೇಕನ್ನು ಮಾತ್ರ ಆಫ್ ಮಾಡಬೇಡಿ. ಜೋರು ಮಳೆಯಲ್ಲಿ ‘ಸೆನ್ಸರ್ ಮುಚ್ಚಿದೆ’ ಎಂದು ಬಂದರೆ ಗಾಬರಿ ಬೇಡ: ಕೆಸರೋ ನೀರೋ ಕೂತಿರುತ್ತದೆ. ಅಷ್ಟು ಹೊತ್ತು ಕ್ರೂಸ್ ಇಲ್ಲ ಎಂದು ತಿಳಿದರೆ ಸಾಕು.

ಮೊಣಕಾಲು ಮತ್ತು ಬಾಗಿಲು

ಕಾರು ಆಫ್ ಮಾಡಿ ಬಾಗಿಲು ತೆರೆದ ಕೂಡಲೇ ಡ್ರೈವರ್ ಸೀಟು ತಾನಾಗಿ ಹಿಂದೆ ಸರಿಯುತ್ತದೆ, ಇಳಿಯಲು ಸುಲಭವಾಗಲಿ ಎಂದು. ಅದರ ಹಿಂದೆಯೇ ಮೊಣಕಾಲು ಮಡಚಿ ಕೂತ ಹಿರಿಯರಿದ್ದಾರೆ ಎಂಬುದು ಸೀಟಿಗೆ ತಿಳಿಯದು. ಈ ಕಾರಿನಲ್ಲಿ ತಡೆ ಸಿಕ್ಕಿದರೆ ಸೀಟು ನಿಲ್ಲುತ್ತದೆ, ಆದರೆ ನಿಲ್ಲುವುದು ಒಮ್ಮೆ ಒತ್ತಿದ ಮೇಲೆ. ಸೀಟು ಮೆನುವಿನಲ್ಲಿ ‘ಈಸಿ ಎಂಟ್ರಿ’ ಎಂಬುದನ್ನು ಆಫ್ ಮಾಡಿ. ಅಪ್‌ಡೇಟ್ ಆದಾಗಲೆಲ್ಲ ಅದು ಮತ್ತೆ ಆನ್ ಆಗಿದೆಯೇ ಎಂದು ನೋಡಿ. ಇಲ್ಲಿ ಹಾಗೆ ಆದದ್ದುಂಟು.

ಬಾಗಿಲಿನ ವಿಷಯ ಇನ್ನೂ ಗಂಭೀರ. ಎಲೆಕ್ಟ್ರಾನಿಕ್ ಹಿಡಿಕೆಗಳು 12 ವೋಲ್ಟ್‌ನ ಸಣ್ಣ ಬ್ಯಾಟರಿಯಿಂದ ನಡೆಯುವಂಥವು. ದೊಡ್ಡ ಬ್ಯಾಟರಿಯಲ್ಲಿ 80 ಶೇಕಡ ಇದ್ದರೂ ಸಣ್ಣದು ಸತ್ತರೆ ಬಾಗಿಲಿನ ಗುಂಡಿ ಸತ್ತಂತೆಯೇ. ಅದಕ್ಕೆಂದು ಕೈಯಿಂದ ಎಳೆಯುವ ಬಿಡುಗಡೆ ಇಡುತ್ತಾರೆ. ಮುಂದೆ ಅದು ಕಣ್ಣಿಗೆ ಬೀಳುವಂತಿರುತ್ತದೆ. ಹಿಂದೆ ಕೆಲವು ಕಾರುಗಳಲ್ಲಿ ಬಾಗಿಲಿನ ಜೇಬಿನ ರಬ್ಬರ್ ಮ್ಯಾಟಿನ ಕೆಳಗೆ, ಕೆಲವದರಲ್ಲಿ ಸಣ್ಣ ಮುಚ್ಚಳದ ಒಳಗೆ. ಕಾರು ತೆಗೆದುಕೊಳ್ಳುವ ದಿನವೇ ಹುಡುಕಿ, ಮನೆಯ ಎಲ್ಲರ ಕೈಯಲ್ಲೂ ಒಮ್ಮೆ ಎಳೆಸಿ. ಮಳೆಗಾಲದಲ್ಲಿ ಸರ್ವಿಸ್ ರೋಡಿನ ತಗ್ಗಿನಲ್ಲಿ, ಅಂಡರ್‌ಪಾಸಿನಲ್ಲಿ ನೀರು ನಿಲ್ಲುವ ಊರು ನಮ್ಮದು. ಗಾಜು ಒಡೆಯುವ ಸಣ್ಣ ಸುತ್ತಿಗೆ ಹಿಂದಿನ ಸೀಟಿನವರ ಕೈಗೆ ಸಿಗುವಲ್ಲಿರಲಿ, ಡಿಕ್ಕಿಯಲ್ಲಿ ಇದ್ದು ಪ್ರಯೋಜನ ಇಲ್ಲ.

ಸದ್ದು, ಮಾತು, ಪರದೆ

ಪರದೆಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ನಡುವಿನ ಪರದೆಯ ವಿಡಿಯೊ ಕಾರು ಚಲಿಸಿದ ಕೂಡಲೇ ನಿಲ್ಲುತ್ತದೆ, ನಿಲ್ಲಬೇಕು ಕೂಡ. ಟೆಸ್ಲಾ ಓಡುವಾಗಲೂ ಪರದೆಯಲ್ಲಿ ಆಟ ಆಡಲು ಬಿಟ್ಟಿತ್ತು. ಅಮೆರಿಕದ ಸುರಕ್ಷತಾ ಸಂಸ್ಥೆ ತನಿಖೆ ತೆರೆದ ಮೇಲೆ, 2021ರ ಡಿಸೆಂಬರಿನಲ್ಲಿ ಅದನ್ನು ತೆಗೆಯಲು ಒಪ್ಪಿತು. ಮರ್ಸಿಡಿಸ್ ತನ್ನ ದುಬಾರಿ ಕಾರಿನಲ್ಲಿ ಪಕ್ಕದ ಸೀಟಿಗೆ ಬೇರೆ ಪರದೆ ಕೊಟ್ಟು, ಡ್ರೈವರ್ ಕಣ್ಣು ಆ ಕಡೆ ಹೊರಳಿದರೆ ಕ್ಯಾಮರಾ ನೋಡಿ ಮಂದ ಮಾಡುವಂತೆ ಮಾಡಿದೆ. ನಡು ಬೆಲೆಯಲ್ಲಿ ಮಕ್ಕಳಿಗೆ ಅವರವರ ಟ್ಯಾಬ್ ಮತ್ತು 45 ವ್ಯಾಟ್‌ನ ಟೈಪ್-ಸಿ ಸಾಕು. ಹೋಲ್ಡರ್ ಹೆಡ್‌ರೆಸ್ಟಿನ ಎರಡೂ ಕಂಬಿಗೆ ಬಿಗಿಯುವಂಥದ್ದು ಇರಲಿ. ಜೋರು ಬ್ರೇಕಿಗೆ ಕ್ಲಿಪ್ಪಿನದ್ದು ಹಾರುತ್ತದೆ.

ಸದ್ದು ಮಾತ್ರ ಸರಿಪಡಿಸಿಕೊಳ್ಳಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಕಡೆ ಕಾರಿನಲ್ಲಿ ತಾಳಮದ್ದಳೆ ಹಾಕದವರು ಕಡಿಮೆ. ಹಳೆಯ ರೆಕಾರ್ಡಿಂಗುಗಳು ಮೋನೊ, ಎಲ್ಲ ಸದ್ದೂ ಒಂದೇ ಧಾರೆಯಲ್ಲಿ. ಕಾರಿನ ‘ಸರೌಂಡ್’ ಅದನ್ನು ಹತ್ತಾರು ಸ್ಪೀಕರಿಗೆ ಹಂಚುವಾಗ ಮಾತನ್ನು ಮುಂದಿನ ನಡು ಸ್ಪೀಕರಿಗೆ ಕೊಟ್ಟು, ಹಿಂದಕ್ಕೆ ಮಾರ್ದನಿ ಮತ್ತು ಚೆಂಡೆಯನ್ನು ಕಳಿಸುತ್ತದೆ. ಹಿಂದಿನವರಿಗೆ ಅರ್ಥಧಾರಿಯ ಮಾತೇ ಕೇಳುವುದಿಲ್ಲ, ಪೆಟ್ಟು ಮಾತ್ರ ಕೇಳುತ್ತದೆ. ಸರೌಂಡ್ ಆಫ್, ಬಾಸ್ 2 ಹಂತ ಇಳಿಸಿ, ಮಿಡ್ 2 ಹಂತ ಏರಿಸಿ, ಧ್ವನಿಯ ಕೇಂದ್ರವನ್ನು ‘ಎಲ್ಲ ಸೀಟು’ ಎಂಬಲ್ಲಿಗೆ. ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಮಂಗಳೂರು ಆಕಾಶವಾಣಿಗೆ ಎಫ್‌ಎಂ ಟ್ಯೂನರ್ ಕಾರಿನಲ್ಲೇ ಇದೆಯೇ ಎಂದು ಕೊಳ್ಳುವ ಮೊದಲು ಕೇಳಿ. ಇಂಟರ್ನೆಟ್ ರೇಡಿಯೊ ಪಾಣತ್ತೂರು, ರಾಣಿಪುರಂ ಕಡೆ ನೆಟ್‌ವರ್ಕ್ ಹೋದಾಗ ನಿಲ್ಲುತ್ತದೆ.

ಧ್ವನಿ ಸಹಾಯಕನೂ ಅಲ್ಲಿ ಅರ್ಧ ಮೂಕ, ಏಕೆಂದರೆ ಮಾತನ್ನು ಅರ್ಥ ಮಾಡಿಕೊಳ್ಳುವ ಕೆಲಸ ಹೆಚ್ಚಿನದ್ದು ದೂರದ ಸರ್ವರಿನಲ್ಲಿ. ಕಿಟಕಿ, ಎಸಿಯಂಥ ಸಣ್ಣ ಆಜ್ಞೆ ಮಾತ್ರ ಕಾರಿನೊಳಗೆ ನಡೆಯುತ್ತದೆ. ಮೈಕು ಮುಂದೆ ಮಾತ್ರ ಇರುವುದರಿಂದ ಹಿಂದಿನವರು ‘ಕಿಟಕಿ ಇಳಿಸು’ ಎಂದರೆ ಇಳಿಯುವುದು ಡ್ರೈವರ್ ಕಿಟಕಿ; ಸೀಟಿಗೊಂದು ಮೈಕಿದ್ದ ಕಾರಿನಲ್ಲಿ ಹೀಗಾಗದು. ಕಾಞಂಗಾಡಿಗೆ ನಾವು ಹೇಳುವ ಹೆಸರಿನಿಂದ ಹೊಸದುರ್ಗಕ್ಕೆ ದಾರಿ ಕೇಳಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತೋರಿಸುತ್ತದೆ. ಕಾಞಂಗಾಡ್ ಎಂದೇ ಹೇಳಿ, ಇಲ್ಲವೇ ಮನೆಯಿಂದಲೇ ಫೋನಿನಲ್ಲಿ ಪಿನ್ ಕಳಿಸಿ. ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ ಆರು ಪಥವಾಗುವಾಗ ಇಳಿಯುವ, ಏರುವ ಜಾಗಗಳೆಲ್ಲ ಬದಲಾದವು. ಕಾರಿನ ನಕಾಶೆಗಿಂತ ಪಕ್ಕದವರ ಫೋನಿನ ನಕಾಶೆಯನ್ನೇ ನಂಬುವುದು ಲೇಸು.

ಅಪ್‌ಡೇಟ್ ಹಾಕುವಾಗ

ವಿಶ್ವಸಂಸ್ಥೆಯ ಆರ್156 ನಿಯಮ ಅಪ್‌ಡೇಟ್ ವಿಫಲವಾದರೆ ವಾಹನ ಹಿಂದಿನ ಆವೃತ್ತಿಗೆ ಅಥವಾ ಸುರಕ್ಷಿತ ಸ್ಥಿತಿಗೆ ಬರಬೇಕೆನ್ನುತ್ತದೆ. ಭಾರತದ ವಾಹನ ಮಾನದಂಡ ಎಐಎಸ್-190 ಅದೇ ಜಾಡಿನದ್ದು. ಪರದೆಯ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರಿನ ಎರಡು ಪ್ರತಿ ಇರುತ್ತದೆ: ಒಂದು ಓಡುತ್ತಿರುವಾಗ ಇನ್ನೊಂದರ ಮೇಲೆ ಹೊಸದು ಬರೆದು, ಆಮೇಲೆ ಬದಲಿಸುತ್ತಾರೆ. ಬಾಗಿಲು, ಎಸಿಯ ಸಣ್ಣ ಕಂಟ್ರೋಲರ್‌ಗಳಲ್ಲಿ ಎಷ್ಟೋ ಸಲ ಒಂದೇ ಪ್ರತಿಗೆ ಜಾಗ. ಆದ್ದರಿಂದ ಇನ್‌ಸ್ಟಾಲ್ ನಡುವೆ ಕರೆಂಟ್ ತಪ್ಪಬಾರದು. ಇಲ್ಲಿ ಕರೆಂಟ್ ಎಂದರೆ ಮನೆಯದ್ದಲ್ಲ, ಅದೇ 12 ವೋಲ್ಟ್ ಬ್ಯಾಟರಿಯದ್ದು. ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ಕಾರು ಮಲಗಿದ್ದಾಗ 12.6 ವೋಲ್ಟ್ ಪೂರ್ಣ, 12.2ಕ್ಕೆ ಅರ್ಧ. ಕಾರು ವಾರಗಟ್ಟಲೆ ನಿಂತಿದ್ದರೆ ಒಂದು ಗಂಟೆ ಓಡಿಸಿದ ಮೇಲೆಯೇ ಇನ್‌ಸ್ಟಾಲ್ ಒತ್ತಿ.

ಡೌನ್‌ಲೋಡಿಗೆ ಮನೆಯ ವೈಫೈ ಒಳ್ಳೆಯದು. ಅಂಗಳದ ತನಕ 2.4 ಗಿಗಾಹರ್ಟ್ಸ್ ತಲುಪುತ್ತದೆ, 5 ತಲುಪುವುದಿಲ್ಲ. ಮಳೆಗೆ ಕರೆಂಟ್ ಹೋಗಿ ರೂಟರ್ ಆಫ್ ಆದರೆ ಡೌನ್‌ಲೋಡ್ ನಿಂತಲ್ಲಿಂದ ಮುಂದುವರಿಯುತ್ತದೆ. ಇನ್‌ಸ್ಟಾಲ್ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಅಷ್ಟು ಹೊತ್ತು ಕಾರು ಕದಲುವುದಿಲ್ಲ. ಮನೆಯಲ್ಲಿ ಹುಷಾರಿಲ್ಲದವರಿದ್ದ ರಾತ್ರಿ ಅದನ್ನು ಒತ್ತಬೇಡಿ. ಮುಗಿದ ಮೇಲೆ ಹಿಂದಿನ ಎಸಿ ಲಾಕ್, ರೀಜನ್ ಹಂತ, ಈಸಿ ಎಂಟ್ರಿ, ಗಾಳಿಯ ದಿಕ್ಕು ಇಷ್ಟನ್ನು ನೋಡಿಕೊಳ್ಳಿ.

ಚಂದಾ ಮತ್ತು ಗುಟ್ಟು

ಮೊದಲ ಕೆಲವು ವರ್ಷ ಉಚಿತ ಎನ್ನುವ ಕನೆಕ್ಟೆಡ್ ಸೇವೆ ಮುಗಿದಾಗ ಏನೇನು ಹೋಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಇಲ್ಲಿ ಆ್ಯಪ್‌ನ ತಂಪು, ಕಾರು ಎಲ್ಲಿದೆ ಎಂದು ನೋಡುವುದು, ಕಾರಿನ ಸಿಮ್‌ನಿಂದ ಬರುವ ಹಾಡು ಮೂರೂ ಚಂದಾಕ್ಕೆ ಸೇರಿವೆ. ಎಸಿ, ಸೀಟು, ರೀಜನ್ ಸೇರಿಲ್ಲ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬೆಚ್ಚಗೆ ಮಾಡಲು ತಿಂಗಳ ಚಂದಾ ಇಟ್ಟು, ಗಲಾಟೆಯಾಗಿ 2023ರಲ್ಲಿ ಕೈಬಿಟ್ಟಿತು. ನಾಳೆ ಸೀಟಿನ ತಂಪುಗಾಳಿಗೆ ಯಾರಾದರೂ ಹೀಗೆ ಮಾಡಿದರೆ ಅಚ್ಚರಿ ಬೇಡ. ಯಂತ್ರ ಕಾರಿನೊಳಗೆ ಇದ್ದು ಅದಕ್ಕೆ ಹಣವೂ ಕೊಟ್ಟಾಗಿದ್ದರೆ, ಅಂಥ ಚಂದಾ ಇರುವ ಕಾರನ್ನು ಕೊಳ್ಳದಿರುವುದೇ ಸರಿ.

ನೆಂಟರು ಚಾರ್ಜಿಗೆಂದು ಫೋನ್ ಸಿಕ್ಕಿಸಿದಾಗ ‘ಕಾಂಟ್ಯಾಕ್ಟ್ ಹಂಚಿಕೊಳ್ಳಲೇ’ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ಹೌದು ಒತ್ತಿದರೆ ಅವರ ಫೋನ್‌ಬುಕ್ ಕಾರಿನಲ್ಲಿ ಉಳಿಯುತ್ತದೆ. ‘ಚಾರ್ಜ್ ಮಾತ್ರ’ ಒತ್ತಲು ಹೇಳಿ, ಅಥವಾ ಡೇಟಾ ಇಲ್ಲದ ಚಾರ್ಜಿಂಗ್ ಪೋರ್ಟ್ ತೋರಿಸಿ. ಬಂದ ಮೆಸೇಜನ್ನು ಗಟ್ಟಿಯಾಗಿ ಓದುವುದನ್ನು ಆಫ್ ಇಡಿ, ಸಂಬಂಧ ನೋಡಲು ಹೋಗುವಾಗಲಂತೂ ಖಂಡಿತ. ಒಳಗಿನ ಕ್ಯಾಮರಾ ರೆಕಾರ್ಡ್ ಮಾಡುತ್ತದೆಯೇ, ಡ್ರೈವರ್ ತೂಕಡಿಕೆ ಮಾತ್ರ ನೋಡುತ್ತದೆಯೇ ಎಂಬುದು ಪ್ರೈವಸಿ ಮೆನುವಿನಲ್ಲಿ ಇರುತ್ತದೆ.

ಕಾರು ಮಾರುವಾಗ ಪರದೆಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಅರ್ಧ ಕೆಲಸ ಆದಂತೆ. ಆ್ಯಪ್‌ನಲ್ಲಿ ಮುಖ್ಯ ಖಾತೆಯಿಂದ ಕಾರನ್ನು ಕಳಚಬೇಕು, ಮನೆಯ ಬೇರೆಯವರಿಗೆ ಹಂಚಿದ ಡಿಜಿಟಲ್ ಕೀ ಒಂದೊಂದಾಗಿ ರದ್ದು ಮಾಡಬೇಕು, ಸಿಮ್‌ನ ಕೆವೈಸಿಯನ್ನು ಕೊಳ್ಳುವವರ ಹೆಸರಿಗೆ ಬದಲಿಸಲು ಡೀಲರಿಗೆ ಹೇಳಬೇಕು. ಆರ್‌ಸಿ ವರ್ಗಾವಣೆ ಬೇರೆ, ಇದು ಬೇರೆ. ಹಳೆಯ ಖಾತೆ ಹಾಗೇ ಉಳಿದರೆ ಮಾರಿದವರ ಫೋನಿನಲ್ಲಿ ಕೊಂಡವರ ಕಾರು ಓಡಾಡುವುದು ಕಾಣುತ್ತಿರುತ್ತದೆ, ಬಾಗಿಲೂ ತೆರೆಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪೂರ್ತಿ ಹಣ ಕೊಡುವ ಮೊದಲು ಎದುರಿನಲ್ಲೇ ಇದನ್ನು ಮಾಡಿಸಿ, ತಮ್ಮ ಫೋನಿನಲ್ಲಿ ಕಾರು ಸೇರಿಸಿ ನೋಡಬೇಕು.